ಗೋಡೆಯ ಮೇಲಿನ ವೇಳಾಪಟ್ಟಿ

ಮಗಳು ದ್ವಿತೀಯ ಪಿಯುಸಿಗೆ ಬಂದ ವರ್ಷ ನಮ್ಮ ಮನೆಯಲ್ಲೊಂದು ವೇಳಾಪಟ್ಟಿ ತಯಾರಾಯಿತು. ತಯಾರಿಸಿದವನು ನಾನೇ. ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಭೌತಶಾಸ್ತ್ರಕ್ಕೆ ಕೆಂಪು, ಗಣಿತಕ್ಕೆ ನೀಲಿ, ರಸಾಯನಶಾಸ್ತ್ರಕ್ಕೆ ಹಸಿರು ಎಂದು ಬಣ್ಣ ಬಳಿದು, ಅವಳ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. ಬೆಳಗಿನ ನಾಲ್ಕೂವರೆಗೆ ಏಳುವುದರಿಂದ ಹಿಡಿದು ರಾತ್ರಿ ಹನ್ನೊಂದಕ್ಕೆ ಮಲಗುವವರೆಗೆ ಪ್ರತಿ ಅರ್ಧ ಗಂಟೆಗೂ ಒಂದು ಕೆಲಸವಿತ್ತು. ನಿಧಾನವಾಗಿ ತಲೆ ಬಾಚಿಕೊಳ್ಳುವುದಕ್ಕೆ, ಗೆಳತಿಯೊಂದಿಗೆ ನಾಲ್ಕು ಮಾತಾಡುವುದಕ್ಕೆ, ಸುಮ್ಮನೆ ಕಿಟಕಿಯಾಚೆ ನೋಡುವುದಕ್ಕೆ ಮಾತ್ರ ಜಾಗವಿರಲಿಲ್ಲ. ಮನೆಗೆ ಬಂದವರೆಲ್ಲ ಪಟ್ಟಿಯನ್ನು ನೋಡಿ ಮೆಚ್ಚಿಕೊಂಡರು. ನಾನೂ ಉಬ್ಬಿದೆ.

ಮೊದಲ ಮೂರು ದಿನ ಎಲ್ಲವೂ ಪಟ್ಟಿಯಂತೆಯೇ ನಡೆಯಿತು. ನಾಲ್ಕನೆಯ ದಿನ ಊರಿನಿಂದ ನೆಂಟರು ಬಂದರು. ಐದನೆಯ ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ತಡವಾಯಿತು. ತಪ್ಪಿಹೋದ ಪಾಠಗಳೆಲ್ಲ ಮುಂದಿನ ದಿನಗಳ ತಲೆಯ ಮೇಲೆ ಹೊರೆಯಾಗಿ ಕೂತವು. ಆದರೂ ಅವಳ ಕೋಣೆಯ ದೀಪ ಹನ್ನೊಂದರವರೆಗೂ ಉರಿಯುತ್ತಿತ್ತು. ಹಾಗಾಗಿ ಓದು ನಡೆದಿದೆ ಎಂದೇ ನಾನು ತಿಳಿದಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದಾಗ ಹಿಂದಿನ ವರ್ಷಕ್ಕಿಂತಲೂ ಕಡಿಮೆ.

“ಇಷ್ಟು ಹೊತ್ತು ಕೂತು ಓದಿಯೂ ಯಾಕಮ್ಮ ಹೀಗಾಯಿತು?” ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಪ್ಪ, ನೀವು ಹಜಾರದಲ್ಲಿ ಓಡಾಡೋ ಸದ್ದು ಕೇಳಿಸಿದಾಗಲೆಲ್ಲ ಪುಟ ತಿರುವಿ ಹಾಕ್ತಿದ್ದೆ. ಓದ್ತಾ ಇರಲಿಲ್ಲ” ಎಂದಳು.

“ಮೊದಲೇ ಹೇಳಬಾರದಿತ್ತೆ?”

“ಹೇಳಿದ್ರೆ ಪಟ್ಟಿ ಇನ್ನೂ ಉದ್ದ ಆಗ್ತಿತ್ತು.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಓದುವ ಹುಡುಗಿ ಓದುವಂತೆ ನಟಿಸತೊಡಗಿದ್ದಳು. ಅದಕ್ಕೆ ಕಾರಣ ನನ್ನ ಪಟ್ಟಿ. ಅದಕ್ಕಿಂತ ಹೆಚ್ಚಾಗಿ, ಪಟ್ಟಿಯಂತೆ ನಡೆಯಲಾಗದ ತಾನು ಸೋಮಾರಿ ಎಂದು ಅವಳು ಒಳಗೊಳಗೇ ನಂಬಿಬಿಟ್ಟಿದ್ದಳು.

ಹಾಗೆ ನೋಡಿದರೆ ಇದು ಅವಳೊಬ್ಬಳ ಕತೆಯಲ್ಲ. ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಅಂದಾಜು ಮಾಡುವುದು ಮನುಷ್ಯರ ಸಾಮಾನ್ಯ ದೋಷ. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕಲ್ ರಾಸ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಂತಿಮ ವರ್ಷದ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು “ಯಾವಾಗ ಮುಗಿಸುತ್ತೀರಿ?” ಎಂದು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದರೆ ಸುಮಾರು 49 ದಿನ. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು! ಪದವಿಯ ಕೊನೆಯ ವರ್ಷದವರದೇ ಹೀಗಾದರೆ, ಹದಿನೇಳರ ಹುಡುಗಿಗಾಗಿ ಅವಳಪ್ಪ ಬರೆದ ಪಟ್ಟಿಯ ಗತಿಯೇನು?

ಇನ್ನು ಹೆಚ್ಚು ಹೊತ್ತು ಕೂತರೆ ಹೆಚ್ಚು ತಲೆಗೆ ಹತ್ತುತ್ತದೆ ಎಂಬ ನಂಬಿಕೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ನಡೆಸಿ 1885ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅರ್ಥವಿಲ್ಲದ ಹನ್ನೆರಡು ಉಚ್ಚಾರಗಳ ಸಾಲನ್ನು ಒಂದೇ ದಿನ 68 ಬಾರಿ ಓದಿದರೂ, ಮರುದಿನ ತಪ್ಪಿಲ್ಲದೆ ಒಪ್ಪಿಸಲು ಮತ್ತೆ ಏಳು ಬಾರಿ ಓದಬೇಕಾಗುತ್ತಿತ್ತು. ಅದನ್ನೇ ಮೂರು ದಿನಗಳಿಗೆ ಹಂಚಿಕೊಂಡಾಗ 38 ಬಾರಿ ಓದಿದರೆ ಅಷ್ಟೇ ಫಲ. ‘ಹನಿ ಹನಿ ಕೂಡಿದರೆ ಹಳ್ಳ’ ಎಂದು ನಮ್ಮ ಹಿರಿಯರು ಹೇಳಿದ್ದೂ, ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ನಕ್ಕಿದ್ದೂ ಇದನ್ನೇ ಅಲ್ಲವೆ?

ಓದುವ ಬಗೆಯೂ ಮುಖ್ಯ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರ ಕಳೆದು ಕೇಳಿದಾಗ ಓದಿದವರಿಗೆ ಶೇ 40ರಷ್ಟು, ಬರೆದವರಿಗೆ ಶೇ 61ರಷ್ಟು ನೆನಪಿತ್ತು. ಮತ್ತೆ ಮತ್ತೆ ಓದಿದಾಗ ‘ಎಲ್ಲ ಗೊತ್ತಿದೆ’ ಎನಿಸುತ್ತದೆ. ಪರೀಕ್ಷೆಯ ದಿನ ಅದು ಕೈಕೊಡುತ್ತದೆ.

ನಿದ್ದೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು. ನನ್ನ ಬಣ್ಣಬಣ್ಣದ ಪಟ್ಟಿ ಮಗಳಿಗೆ ಕೊಟ್ಟಿದ್ದು ಐದೂವರೆ ಗಂಟೆ! ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದುವುದು ಒಳ್ಳೆಯದೇ. ಆದರೆ ಹಿಂದಿನವರು ದೀಪ ಹಚ್ಚುವ ಹೊತ್ತಿಗೆ ಉಂಡು, ಬೇಗ ಮಲಗುತ್ತಿದ್ದರು. ನಾವು ಏಳುವ ಹೊತ್ತನ್ನು ಮಾತ್ರ ಅವರಿಂದ ಕಲಿತೆವು.

ಕೊನೆಗೆ ಆ ಪಟ್ಟಿಯನ್ನು ಇಬ್ಬರೂ ಸೇರಿ ಕಿತ್ತೆವು. ಒಂದು ವಾರ ಏನನ್ನೂ ಗೊತ್ತುಮಾಡದೆ, ದಿನ ಹೇಗೆ ಕಳೆಯಿತೋ ಹಾಗೆಯೇ ಬರೆದಿಡಲು ಅವಳಿಗೆ ಹೇಳಿದೆ. ಕಾಲೇಜು, ಬಸ್ಸು, ಊಟ, ಸ್ನಾನ ಕಳೆದು ನಿಜವಾಗಿ ಕೈಗೆ ಸಿಗುವುದು ಮೂರೂವರೆ ಗಂಟೆ ಎಂದು ತಿಳಿಯಿತು. ಆ ಮೂರೂವರೆಯಲ್ಲಿ ಮೂರನ್ನು ಮಾತ್ರ ತುಂಬಿಸಿದೆವು. ಅರ್ಧ ಗಂಟೆ ನೆಂಟರಿಗೆ, ತಲೆನೋವಿಗೆ, ತಡವಾದ ಬಸ್ಸಿಗೆ ಮೀಸಲು. ‘ಎರಡು ಗಂಟೆ ಗಣಿತ’ ಎಂದು ಬರೆಯುವ ಬದಲು ‘ಆರು ಲೆಕ್ಕ’ ಎಂದು ಬರೆದಳು. ಲೆಕ್ಕ ಮುಗಿದರೆ ಏಳಬಹುದು. ಓದಿದ್ದನ್ನು ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಒಮ್ಮೆ ಪುಸ್ತಕ ಮುಚ್ಚಿ ಬರೆಯುವುದು. ಓದುವಾಗ ಮೊಬೈಲು ಅಡುಗೆಮನೆಯಲ್ಲಿ. ನನ್ನದೂ ಅಲ್ಲಿಯೇ. ರಾತ್ರಿ ಹತ್ತಕ್ಕೆ ದೀಪ ಆರಿಸುವುದು. ಭಾನುವಾರ ಮಧ್ಯಾಹ್ನದ ಮೇಲೆ ಪುಸ್ತಕ ಮುಟ್ಟುವಂತಿಲ್ಲ.

ಕಷ್ಟಪಡುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಪುಸ್ತಕ ಮುಚ್ಚಿ ಬರೆಯುವುದು ಪುಟ ತಿರುವಿ ಹಾಕುವುದಕ್ಕಿಂತ ಬಹಳ ಕಷ್ಟದ ಕೆಲಸ. ಆದರೆ ಆ ಕಷ್ಟವನ್ನು ನಾಳೆಯೂ, ನಾಡಿದ್ದೂ, ಮಾರ್ಚಿಯವರೆಗೂ ಪಡುವ ಶಕ್ತಿ ಉಳಿದಿರಬೇಕು. ಎತ್ತಿಗೂ ನೊಗ ಇಳಿಸುವ ಹೊತ್ತೊಂದಿದೆ ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅವಳಿಗೆ ರ‍್ಯಾಂಕ್ ಬಂತು ಎಂದು ಬರೆದಿದ್ದರೆ ಓದುವವರಿಗೆ ಸಂತೋಷವಾಗುತ್ತಿತ್ತು. ಬರಲಿಲ್ಲ. ಒಳ್ಳೆಯ ಅಂಕಗಳು ಬಂದವು. ಅದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಜನವರಿಯ ಒಂದು ಸಂಜೆ ಅವಳೇ ಹಜಾರಕ್ಕೆ ಬಂದು, “ಅಪ್ಪ, ಇವತ್ತು ಒಂದು ಲೆಕ್ಕವೂ ಬರಲಿಲ್ಲ” ಎಂದು ಹೇಳಿದಳು. ಅದನ್ನು ಹೇಳಲು ಅವಳಿಗೆ ಹೆದರಿಕೆಯಾಗಲಿಲ್ಲ.

ಇಂದು ಸಂಜೆ ನಿಮ್ಮ ಮಗ ಅಥವಾ ಮಗಳು ಮೇಜಿನಿಂದ ಎದ್ದಾಗ ಗಡಿಯಾರದ ಕಡೆ ನೋಡಬೇಡಿ. “ಎಷ್ಟು ಹೊತ್ತು ಓದಿದೆ?” ಎಂದು ಕೇಳುವ ಬದಲು “ಓದಿದ್ದರಲ್ಲಿ ಒಂದನ್ನು ನನಗೂ ಹೇಳು” ಎನ್ನಿ. ಹೇಳಿದರೆ ಅದೇ ಒಂದು ಪುನರಾವರ್ತನೆ. ಹೇಳಲು ಬಾರದಿದ್ದರೆ ನಾಳೆ ಇದೆ.