ಅಳಿಸುವ ಮುನ್ನ ‘ಯಾರು ನೀನು?’ ಎಂದು ಕೇಳಲಿ

ಕೆಂಗೇರಿ ಉಪನಗರದ ಒಂದು ಹಾರ್ಡ್‌ವೇರ್ ಅಂಗಡಿ ಎನ್ನೋಣ. ಮಾಲೀಕರು, ಲೆಕ್ಕ ಬರೆಯುವವರು, ಬಿಲ್ ಹಾಕುವ ಹುಡುಗ, ಮೂವರಿಗೂ ಬಿಲ್ಲಿನ ತಂತ್ರಾಂಶಕ್ಕೆ ಒಂದೇ ಪಾಸ್‌ವರ್ಡ್. ತಿಂಗಳ ಕೊನೆಗೆ ಒಂದು ಬಿಲ್ ಕಾಣೆಯಾದರೆ ಯಾರನ್ನು ಕೇಳುವುದು?

ಮೊದಲು ಮೂವರಿಗೂ ಬೇರೆ ಬೇರೆ ಲಾಗಿನ್ ಬೇಕು. ಅದಾದ ಮೇಲೂ ಎಷ್ಟೋ ತಂತ್ರಾಂಶಗಳು ಹುಡುಗನ ಪರದೆಯಲ್ಲಿ ‘ಡಿಲೀಟ್’ ಗುಂಡಿಯನ್ನು ಮರೆಮಾಡಿ ಕೈತೊಳೆದುಕೊಳ್ಳುತ್ತವೆ. ಇದು ಸಾಲದು. ಗುಂಡಿ ಕಾಣದಿದ್ದರೂ ಅಳಿಸುವ ಕೋರಿಕೆಯನ್ನು ನೇರವಾಗಿ ಸರ್ವರ್‌ಗೆ ಕಳಿಸಬಹುದು. ಹಾಗಾಗಿ ಈ ಬಳಕೆದಾರನಿಗೆ ಈ ದಾಖಲೆಯನ್ನು ಅಳಿಸುವ ಹಕ್ಕಿದೆಯೇ ಎಂದು ಸರ್ವರ್‌ನಲ್ಲೇ, ಪ್ರತಿ ಬಾರಿಯೂ ಪರೀಕ್ಷಿಸಬೇಕು. ವೆಬ್ ತಂತ್ರಾಂಶಗಳ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಈ ಬಗೆಯ ಲೋಪಕ್ಕೇ.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಎರಡು ದಶಕಗಳ ಹಿಂದೆಯೇ ಸಿಬ್ಬಂದಿಯ ಬೆರಳಚ್ಚು ಕೇಳಿತು. ಕೆಂಗೇರಿ ಹೋಬಳಿಯ ಹೊಲಕ್ಕೆ ಸಿಕ್ಕ ಕಾವಲು ಅದೇ ಊರಿನ ಅಂಗಡಿಯ ಲೆಕ್ಕಕ್ಕೆ ಏಕೆ ಬೇಡ?

ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಜಾಡು ತಪ್ಪನ್ನು ತೋರಿಸೀತು, ತಡೆಯಲಾರದು. ತಂತ್ರಾಂಶ ಕೊಳ್ಳುವವರು ದುಡ್ಡು ಕೊಡುವ ಮೊದಲು, ಬಿಲ್ ಹಾಕುವವನ ಲಾಗಿನ್‌ನಿಂದ ಪ್ರಯೋಗದ ಬಿಲ್ಲೊಂದನ್ನು ಅಳಿಸುವ ಕೋರಿಕೆಯನ್ನು ನೇರವಾಗಿ ಸರ್ವರ್‌ಗೆ ಕಳಿಸಿ ನೋಡಲಿ. ಅಳಿಸಿಹೋದರೆ ಆ ತಂತ್ರಾಂಶವನ್ನು ಕೊಳ್ಳಬಾರದು.