ಅಮೆರಿಕಕ್ಕೆ ಎಷ್ಟು ಹೊತ್ತು?

ಎರಡು ಊರಿನ ಹೆಸರು ಟೈಪ್ ಮಾಡಿದರೆ ಸಾಕು, ವಿಮಾನದ ದೂರ, ಸಮಯ ಎರಡನ್ನೂ ಹೇಳುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಂತ ಹಾಕಿದರೆ ಸುಮಾರು 14,000 ಕಿಲೋಮೀಟರ್, 17 ಗಂಟೆ ಅಂತ ಬರುತ್ತೆ. ಲೆಕ್ಕ ತಪ್ಪಲ್ಲ. ಆದರೆ ಅಕ್ಕನ ಬಾಣಂತನಕ್ಕೆ ಹೊರಟಿರೋ ನಮ್ಮಮ್ಮನ ಮಂಡಿನೋವಿಗೆ ಆ ಲೆಕ್ಕ ಸಾಲದು.

ಮೊದಲು ದೂರದ ವಿಷಯ. ಗೋಡೆಯ ಭೂಪಟ ನೋಡಿದರೆ ಅಮೆರಿಕ ಸೀದಾ ಪಶ್ಚಿಮಕ್ಕಿದೆ ಅನ್ನಿಸುತ್ತೆ. ಮನೇಲಿ ಮಕ್ಕಳ ಗ್ಲೋಬ್ ಇದ್ದರೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡೀರಿ. ದಾರ ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಇಳಿಯುತ್ತೆ! ಅದೇ ಹತ್ತಿರದ ದಾರಿ. ಆದರೆ ದಾರಕ್ಕೆ ಗಾಳಿಯೂ ಗೊತ್ತಿಲ್ಲ, ರಾಜಕೀಯವೂ ಗೊತ್ತಿಲ್ಲ. ಯುರೋಪು, ಅಮೆರಿಕದ ಕಂಪನಿಗಳಿಗೆ 2022ರಿಂದ ರಷ್ಯಾದ ಆಕಾಶ ಬಂದ್. ಇನ್ನು ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸೋದರಿಂದ, ನ್ಯೂಯಾರ್ಕ್‌ನಿಂದ ಲಂಡನ್ನಿಗೆ ಹೋಗೋದಕ್ಕಿಂತ ವಾಪಸ್ ಬರೋಕೆ ಸುಮಾರು ಒಂದು ಗಂಟೆ ಹೆಚ್ಚು ಬೇಕು. ಕಿಲೋಮೀಟರ್ ಮಾತ್ರ ಅಷ್ಟೇ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಶನಿವಾರ ರಾತ್ರಿ ಹೊರಟವರು ಇಲ್ಲಿಗೆ ಬಂದಿಳಿದಿದ್ದು ಸೋಮವಾರ ನಸುಕಿನಲ್ಲಿ. ಹಾರಿದ್ದು 17 ಗಂಟೆ ಚಿಲ್ಲರೆ, ಭಾನುವಾರ ಪೂರ್ತಿ ಗಡಿಯಾರದ ವ್ಯತ್ಯಾಸಕ್ಕೂ ಆಕಾಶಕ್ಕೂ ಹೋಯ್ತು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ. ಬಿಪಿ, ಶುಗರ್ ಮಾತ್ರೆ ತಗೊಳ್ಳೋರು ಯಾವ ಗಡಿಯಾರ ನೋಡಿ ನುಂಗಬೇಕು ಅನ್ನೋದನ್ನ ಡಾಕ್ಟರ ಹತ್ರ ಮೊದಲೇ ಕೇಳಿ ಬರೆಸಿಕೊಳ್ಳಿ. ಟಿಕೆಟ್ ದರದ ಬಗ್ಗೆ ತಿಂಗಳುಗಟ್ಟಲೆ ಚರ್ಚೆ ಮಾಡೋ ನಾವು ಇದನ್ನ ಯಾರೂ ಕೇಳೋದಿಲ್ಲ.

ಈಗ ನಮ್ಮನೆ ಲೆಕ್ಕ. ಅರಸೀಕೆರೆಯಿಂದ ದೇವನಹಳ್ಳಿಗೆ ಕಾರಲ್ಲಿ 4 ಗಂಟೆ, ಅಲ್ಲಿ 3 ಗಂಟೆ ಮುಂಚೆ ಇರಬೇಕು. ಫ್ರಾಂಕ್‌ಫರ್ಟ್‌ಗೆ ಸುಮಾರು 10 ಗಂಟೆ, ಅಲ್ಲಿ 4 ಗಂಟೆ ಕಾಯೋದು, ಮುಂದೆ ಹನ್ನೊಂದೂವರೆ ಗಂಟೆ. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು. ಒಟ್ಟು ಮೂವತ್ನಾಲ್ಕು ಗಂಟೆ ಹತ್ತಿರ. ಈ ದಾರಿ ದೂರದಲ್ಲೂ ನೇರ ದಾರಿಗಿಂತ ಎರಡೂವರೆ ಸಾವಿರ ಕಿಲೋಮೀಟರ್ ಹೆಚ್ಚು. ಅಪ್ಪ ಕಾಗದದಲ್ಲಿ ಕೂಡಿ ನೋಡಿ, "ನೇರ ವಿಮಾನ ಇದ್ರೆ ಅದೇ ವಾಸಿ ಅಲ್ವೇನೋ" ಅಂದ್ರು.

ಅಮ್ಮ ಕೇಳಿದ್ದೇ ಬೇರೆ. "ಒಂದೇ ಸಮ ಎಷ್ಟು ಹೊತ್ತು ಕೂತಿರ್ಬೇಕು, ಅದನ್ನ ಹೇಳು."

ಆ ಪ್ರಶ್ನೆಗೆ ಹತ್ತು, ಹನ್ನೊಂದೂವರೆ ಅನ್ನೋ ಉತ್ತರ ಹದಿನೇಳಕ್ಕಿಂತ ಮೇಲು. ಮಧ್ಯೆ ಕಾಲಾಡಿಸಬಹುದು. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿದೆ. ಮೊದಲನೇದು ತಡವಾಗಿ ಎರಡನೇದು ತಪ್ಪಿದರೆ ಮುಂದೆ ಕಳಿಸೋ ಹೊಣೆ ಅವರದೇ. ವೀಲ್‌ಚೇರ್ ಅಂದಾಗ "ನಂಗೇನಾಗಿದೆ ಕಣೋ?" ಅಂತ ಗದರಿದ್ಲು. ಇಂಗ್ಲಿಷ್ ಬೋರ್ಡ್ ಹುಡುಕೋ ಗೋಳಿಲ್ಲ, ಕರ್ಕೊಂಡು ಹೋಗಿ ಗೇಟಿಗೇ ಬಿಡ್ತಾರೆ ಅಂದ ಮೇಲೆ ಸುಮ್ಮನಾದಳು. ಈಗ ಪೆಟ್ಟಿಗೆಯ 23 ಕೆ.ಜಿ. ಮಿತಿಯಲ್ಲಿ ಅಂಟಿನುಂಡೆ ಎಷ್ಟು, ಸಾರಿನಪುಡಿ ಎಷ್ಟು ಅನ್ನೋ ಜಗಳ ನಡೀತಿದೆ.