‘ಟೆನಿಸ್ ಆಡಿದರೆ ಅಮೆರಿಕದಲ್ಲಿ ಓದು ಪೂರ್ತಿ ಉಚಿತ’: ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಪಿಯುಸಿ ಫಲಿತಾಂಶದ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದೊಂದು ಸಂದೇಶ ಓಡಾಡುತ್ತದೆ: ಮಕ್ಕಳು ಟೆನಿಸ್ ಆಡುತ್ತಿದ್ದರೆ ಸಾಕು, ಅಮೆರಿಕದಲ್ಲಿ ಫೀ, ಊಟ, ವಸತಿ ಎಲ್ಲ ಉಚಿತ, ‘ಡಿವಿಜನ್ ಒನ್’ ಸೀಟು ಗ್ಯಾರಂಟಿ, ನೋಂದಣಿಗೆ ಇಷ್ಟು ಹಣ ಕಟ್ಟಿ. ಇದು ಪೂರ್ತಿ ಸುಳ್ಳಲ್ಲ. ಅದಕ್ಕೇ ಜನ ನಂಬುತ್ತಾರೆ.

ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿದ್ದಾಗ 1995ರಲ್ಲಿ ಅಮೆರಿಕದ ಕಾಲೇಜು ಡಬಲ್ಸ್ ಪ್ರಶಸ್ತಿ ಗೆದ್ದರು. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರ 2007 ಮತ್ತು 2008ರಲ್ಲಿ ಸಿಂಗಲ್ಸ್ ಗೆದ್ದರು. ಆದರೆ ಅವರು ಹೋಗುವ ಮೊದಲೇ ಜೂನಿಯರ್ ಮಟ್ಟದಲ್ಲಿ ಹೆಸರು ಮಾಡಿದ್ದವರು.

ಅಲ್ಲಿ ಕಾಲೇಜು ಕ್ರೀಡೆ ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದು 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಜನ್ ಮಾಡಿತು. ಡಿವಿಜನ್ ಎನ್ನುವುದು ಕಾಲೇಜಿಗೆ ಸೇರಿದ್ದು, ಆಟಗಾರನಿಗೆ ಕೊಡುವ ದರ್ಜೆಯಲ್ಲ. ಒಂದು ಮತ್ತು ಎರಡನೇ ಡಿವಿಜನ್‌ನಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಉಂಟು, ಮೂರನೆಯದರಲ್ಲಿ ಇಲ್ಲ. ಹಾಗಂತ ಮೂರನೆಯದು ಕಳಪೆಯೇ? ಜಗತ್ಪ್ರಸಿದ್ಧ ಎಂಐಟಿ ಇರುವುದು ಅಲ್ಲಿಯೇ. ಮೊದಲ ಡಿವಿಜನ್‌ನ ಹಾರ್ವರ್ಡ್, ಯೇಲ್ ಆಟಕ್ಕೆಂದು ಒಂದು ಪೈಸೆಯನ್ನೂ ಕೊಡುವುದಿಲ್ಲ. ಅಲ್ಲಿ ಸಿಗುವ ನೆರವು ಕುಟುಂಬದ ಆದಾಯ ನೋಡಿ.

ಹಣದ ಲೆಕ್ಕಕ್ಕೆ ಬನ್ನಿ. ಬಹುಕಾಲ ಮೊದಲ ಡಿವಿಜನ್‌ನ ಪುರುಷರ ತಂಡವೊಂದಕ್ಕೆ ಸಿಗುತ್ತಿದ್ದದ್ದು ನಾಲ್ಕೂವರೆ ವಿದ್ಯಾರ್ಥಿವೇತನ, ಮಹಿಳಾ ತಂಡಕ್ಕೆ 8. ಒಂಬತ್ತು ಹುಡುಗರಿಗೆ ಹಂಚಿದರೆ ತಲೆಗೆ ಅರ್ಧ. ವರ್ಷದ ಖರ್ಚು 60 ಸಾವಿರ ಡಾಲರ್ ಇರುವ ಕಾಲೇಜಾದರೆ, ಡಾಲರಿಗೆ 85 ರೂಪಾಯಿಯಂತೆ ಮನೆಯವರು ಕಟ್ಟಬೇಕಾದ್ದು 25 ಲಕ್ಷಕ್ಕೂ ಹೆಚ್ಚು. ಅನಂತಪುರದ ಎಷ್ಟು ಮನೆಗಳ ಕಬ್ಬಿನ ಬಿಲ್ಲು ಅಷ್ಟಾಗುತ್ತದೆ? 2025ರಿಂದ ಹೊಸ ವ್ಯವಸ್ಥೆಗೆ ಒಪ್ಪಿದ ಕಾಲೇಜುಗಳಿಗೆ ಈ ಮಿತಿ ಹೋಗಿದೆ, ಬದಲಿಗೆ ತಂಡಕ್ಕೆ 10 ಜನರ ಮಿತಿ ಬಂದಿದೆ. ಹಣ ಕೊಡಲೇಬೇಕು ಎಂದೇನೂ ಅಲ್ಲ.

ಇನ್ನು ‘ಗ್ಯಾರಂಟಿ’. ಆಟಗಾರನನ್ನು ಆರಿಸುವುದು ಅಲ್ಲಿನ ಕೋಚ್. ಅವರು ನೋಡುವುದು ಯುಟಿಆರ್ ಎಂಬ ಅಂಕವನ್ನು, ಪಂದ್ಯದ ವಿಡಿಯೊವನ್ನು. ಪಿಯುಸಿವರೆಗಿನ ಅಂಕಪಟ್ಟಿಯೂ ಎನ್‌ಸಿಎಎ ನಿಯಮಕ್ಕೆ ಹೊಂದಬೇಕು. ಸಿಕ್ಕ ವಿದ್ಯಾರ್ಥಿವೇತನದಲ್ಲಿ ಇಷ್ಟು ಪಾಲು ಕೊಡಿ ಎಂದು ಏಜೆಂಟ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಅಂಥ ಒಪ್ಪಂದದಿಂದ ಮಕ್ಕಳ ಆಡುವ ಅರ್ಹತೆಯೇ ಹೋಗಬಹುದು.

ನಮ್ಮಲ್ಲಿ ಡಿವಿಜನ್‌ಗಳಿಲ್ಲ, ಮೆಟ್ಟಿಲುಗಳಿವೆ. ಮೊದಲು ಅಂತರ ಕಾಲೇಜು ಪಂದ್ಯ, ಅಲ್ಲಿ ಆಯ್ಕೆಯಾದವರದು ವಿಶ್ವವಿದ್ಯಾಲಯ ತಂಡ, ಆಮೇಲೆ ದಕ್ಷಿಣ ವಲಯ, ಅದರ ಮೇಲೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯ. ಅಲ್ಲಿ ಮಿಂಚಿದವರಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. 2022ರಲ್ಲಿ ಅದು ಬೆಂಗಳೂರಿನಲ್ಲೇ ನಡೆಯಿತು. ಮೊದಲ ಮೆಟ್ಟಿಲು ಯಾವುದೆಂಬುದು ಕೋರ್ಸ್ ಮೇಲೆ ನಿಂತಿದೆ. ಒಂದೇ ಓಣಿಯ ಇಬ್ಬರು ಗೆಳೆಯರಲ್ಲಿ ಅಥಣಿಯಲ್ಲಿ ಬಿಎ ಓದುವವನು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪರ ಆಡುತ್ತಾನೆ, ಚಿಕ್ಕೋಡಿಯಲ್ಲಿ ಇಂಜಿನಿಯರಿಂಗ್ ಓದುವವನು ವಿಟಿಯು ಪರ. ನಮ್ಮ ಭಾಗದಲ್ಲಿ ಕುಸ್ತಿ, ಕಬಡ್ಡಿಗೆ ಇರುವಷ್ಟು ಪೈಪೋಟಿ ಟೆನಿಸ್‌ಗಿಲ್ಲ. ಹಾಗಾಗಿ ಒಳ್ಳೆಯ ಆಟಗಾರನಿಗೆ ವಿಶ್ವವಿದ್ಯಾಲಯ ತಂಡ ಅಷ್ಟೇನೂ ದೂರವಲ್ಲ ಎಂಬುದು ನನ್ನ ಅನಿಸಿಕೆ.

ಇಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ, ಇದರಿಂದ ಹೆಚ್ಚು ನಷ್ಟ: ‘ಯಾವ ಸರ್ಟಿಫಿಕೇಟ್ ಆದರೂ ನೌಕರಿಗೆ ನಡೆಯುತ್ತದೆ’. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಕಾಲೇಜು ಮಟ್ಟದಲ್ಲಿ ಬೇಕಾದ್ದು ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ದಾಖಲೆ. ಅಂತರ ಕಾಲೇಜು ಕಪ್ಪು ಗೆದ್ದು ಮನೆಯಲ್ಲಿಟ್ಟರೆ ಅದು ಲೆಕ್ಕಕ್ಕಿಲ್ಲ. ಟೆನಿಸ್ ಆ ಪಟ್ಟಿಯಲ್ಲಿದೆ. ಪ್ರಮಾಣಪತ್ರ ಇರಬೇಕಾದ್ದು ಫಾರ್ಮ್ 3ರಲ್ಲಿ, ಅದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ ಬೇಕು. ಓದು ಮುಗಿಸಿ ಊರಿಗೆ ಮರಳುವ ಮುನ್ನವೇ ಅದನ್ನು ಪಡೆದುಕೊಳ್ಳಿ.